ಓಟು ಉಂಟು, ಹಾಕಲಿಕ್ಕಿಲ್ಲ

ಅಮೆರಿಕವನ್ನು ಕಣ್ಣಲ್ಲಿ ಕಾಣದ ನಾವು ಕೆಲವರು ದುಬೈಯಲ್ಲಿ ಕೂತು ಅಮೆರಿಕದ ಇತಿಹಾಸ ತಯಾರಿಸುತ್ತಿದ್ದೆವು. ಜುಮೇರಾ ಲೇಕ್ ಟವರ್ಸ್‌ನ ಒಂದು ಗೋಪುರದಲ್ಲಿ ನಮ್ಮ ಆಫೀಸು. ಕೊಲ್ಲಿಯ ಅಮೆರಿಕನ್ ಪಠ್ಯಕ್ರಮದ ಶಾಲೆಗಳಿಗೆ ಪುಸ್ತಕ ಮಾಡಿಕೊಡುವುದು ಕಂಪೆನಿಯ ಕೆಲಸ. ಚಿತ್ರ ಬರೆಯುವವನು ಕೇರಳದವನು, ಪುಟ ಕಟ್ಟುವವಳು ಮನಿಲಾದವಳು, ತಪ್ಪು ಹುಡುಕುವವಳು ಉಡುಪಿ ಕಡೆಯ ನಾನು. ಅಮೆರಿಕದವಳು ಎಂದು ಇದ್ದದ್ದು ಒಬ್ಬಳೇ. ಇತಿಹಾಸ ವಿಭಾಗದ ಮುಖ್ಯಸ್ಥೆ, ಮಿಸಿಸಿಪ್ಪಿಯ ಕಪ್ಪು ಹೆಂಗಸು, ನನಗಿಂತ ಸಾಕಷ್ಟು ದೊಡ್ಡವಳು. ಆಕೆ ತಿರಸ್ಕಾರದಿಂದ ನಗುವಾಗ ಮೂಗಿನಿಂದ ಒಂದು ಸದ್ದು ಬರುತ್ತಿತ್ತು. ಆ ಸದ್ದು ಕೇಳಿದರೆ ಯಾರದೋ ಬರವಣಿಗೆಗೆ ಕತ್ತರಿ ಬಿತ್ತೆಂದೇ ಲೆಕ್ಕ.

2015ರಲ್ಲಿ ಎಂಟನೇ ತರಗತಿಯ ಪುಸ್ತಕ ನಮ್ಮ ಕೈಯಲ್ಲಿತ್ತು. ಗುಲಾಮಗಿರಿ ಮುಗಿದ ಮೇಲಿನ ಕಾಲದ ಅಧ್ಯಾಯವನ್ನು ಆಕೆಯೇ ಬರೆದಿದ್ದಳು. ಪುಸ್ತಕ ಕೊಳ್ಳಲಿದ್ದ ಶಾಲೆಯ ಸಲಹೆಗಾರನೊಬ್ಬ ಅದನ್ನು ಓದಿ ಸಲಹೆ ಕೊಟ್ಟ: ಯುದ್ಧ ಮುಗಿಯಿತು, ಗುಲಾಮರು ಸ್ವತಂತ್ರರಾದರು, ಸಂವಿಧಾನಕ್ಕೆ ಹದಿನೈದನೇ ತಿದ್ದುಪಡಿ ಬಂದು ಅವರಿಗೆ ಓಟು ಸಿಕ್ಕಿತು, ಇಷ್ಟು ಹೇಳಿದರೆ ಸಾಕು, ಉಳಿದದ್ದು ಮಕ್ಕಳ ಮನಸ್ಸಿಗೆ ಭಾರ.

ಉಳಿದದ್ದು ಅಂದರೆ ಹತ್ತಿರ ಹತ್ತಿರ ನೂರು ವರ್ಷ. ಆ ಮಹಾನುಭಾವ ಅಷ್ಟನ್ನೂ ಒಂದು ಗೆರೆ ಎಳೆದು ತೆಗೆದಿದ್ದ. ಹತ್ತು ತಲೆಮಾರು ದುಡಿಸಿಕೊಂಡದ್ದು ಮನಸ್ಸಿಗೆ ಭಾರವಲ್ಲ, ಅದಕ್ಕೆ ಚಿತ್ರ ಹಾಕಬಹುದು. ದುಡಿದವರು ಓಟಿನ ಸಾಲಿಗೆ ಬಂದು ನಿಂತದ್ದು ಮಾತ್ರ ಭಾರ.

ನಾನಾದರೂ ಶಾಲೆಯಲ್ಲಿ ಓದಿದ್ದು ಆ ಸಲಹೆಗಾರನಷ್ಟೇ. ಕಾನೂನು ಬಂದರೆ ಕೆಲಸ ಆಯಿತು ಎಂದುಕೊಂಡು ಬೆಳೆದವಳು. ಮಧ್ಯಾಹ್ನ ಊಟದ ಹೊತ್ತಿಗೆ ಆಕೆಯನ್ನು ಕೇಳಿದೆ, "ಹಕ್ಕು ಕೊಟ್ಟದ್ದು ನಿಜ ತಾನೇ?"

ಮೂಗಿನ ಸದ್ದು ಬಂತು. "ತಿದ್ದುಪಡಿಯನ್ನು ಒಮ್ಮೆ ಸರಿಯಾಗಿ ಓದು. ಎಲ್ಲರಿಗೂ ಓಟು ಕೊಡಿ ಅಂತ ಅದರಲ್ಲಿ ಎಲ್ಲಿದೆ? ಜನಾಂಗ ನೋಡಿ, ಬಣ್ಣ ನೋಡಿ, ಹಿಂದೆ ಗುಲಾಮನಾಗಿದ್ದ ಅಂತ ನೋಡಿ ಓಟು ತಪ್ಪಿಸಬಾರದು ಅಂತಷ್ಟೇ ಇದೆ. ಸರಿ, ಹಾಗಾದರೆ ಬೇರೆ ಯಾವ ಕಾರಣಕ್ಕೆ ತಪ್ಪಿಸಬಹುದು ಅಂತ ಹುಡುಕಲು ಕೂತರು. ಕೂತವರು ಪುಂಡರಲ್ಲ. ವಕೀಲರು, ನ್ಯಾಯಾಧೀಶರು, ದೇವರಿಗೆ ಹೆದರುವವರು."

ಹುಡುಕಿದವರಿಗೆ ಬೇಕಾದಷ್ಟು ಸಿಕ್ಕಿತು. ಓಟಿಗೆ ಒಂದು ತೆರಿಗೆ. ಓದಲು ಬರೆಯಲು ಬರುತ್ತದೆಯೇ ಎಂದು ಒಂದು ಪರೀಕ್ಷೆ. ಈ ಬಲೆಗೆ ಬಡ ಬಿಳಿಯರೂ ಬೀಳುತ್ತಾರಲ್ಲ ಎಂಬ ಚಿಂತೆಯಾದಾಗ ಪಕ್ಕದ ಲೂಸಿಯಾನಾದವರು ಅಜ್ಜನನ್ನು ಕರೆತಂದರು. 1867ಕ್ಕೆ ಮೊದಲೇ ಯಾರ ಅಪ್ಪನಿಗೆ ಅಥವಾ ಅಜ್ಜನಿಗೆ ಓಟಿನ ಹಕ್ಕಿತ್ತೋ ಅವನಿಗೆ ಪರೀಕ್ಷೆ ಇಲ್ಲ. ಆಗ ಕಪ್ಪು ಜನರ ಅಜ್ಜಂದಿರಿಗೆ ಓಟು ಎಲ್ಲಿತ್ತು? ಕಪ್ಪು ಎಂಬ ಶಬ್ದ ಒಂದು ಕಡೆಯೂ ಬಳಸದೆ ಕೆಲಸ ಮುಗಿಯಿತು.

ಆಕೆಯ ಅಜ್ಜ ಕ್ಷೌರಿಕ. ಚರ್ಚಿನಲ್ಲಿ ಬೈಬಲ್ ಓದಿ ಹೇಳುವವನು. ಭಾನುವಾರದ ಕೋಟು ಹಾಕಿಕೊಂಡು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕೋರ್ಟಿಗೆ ಹೋದ. ಗುಮಾಸ್ತ ರಾಜ್ಯದ ಸಂವಿಧಾನದ ಒಂದು ಭಾಗ ತೋರಿಸಿ ಓದು ಎಂದ. ಅಜ್ಜ ಓದಿದ. ಅರ್ಥ ಹೇಳು ಎಂದ. ಅಜ್ಜ ಹೇಳಿದ. "ನನಗೆ ಹಾಗೆ ಅರ್ಥ ಆಗುವುದಿಲ್ಲ," ಎಂದು ಗುಮಾಸ್ತ ಪುಸ್ತಕ ಮುಚ್ಚಿದ. ಹಿಂದೆ ನಿಂತಿದ್ದ ಬಿಳಿಯ ರೈತ ಹೆಸರಿನ ಬದಲು ಒಂದು ಗುರುತು ಹಾಕಿ ಹೊರಟುಹೋದ. ಆ ಸಂಜೆಯೊಳಗೆ ಅಜ್ಜನ ಅಂಗಡಿಯ ಮಾಲೀಕನಿಗೆ ಸುದ್ದಿ ಮುಟ್ಟಿತು. ಅಂಗಡಿ ಖಾಲಿ ಮಾಡಬೇಕಾಯಿತು. ಮರುವರ್ಷ ಅಜ್ಜ ಅದೇ ಕೋಟು ಹಾಕಿಕೊಂಡು ಪುನಃ ಹೋದ. ಅವನಿಗೆ ಕೊನೆಗೂ ಓಟು ಹಾಕಲಿಕ್ಕಾದದ್ದು 1965ರ ಕಾನೂನು ಬಂದ ಮೇಲೆ, ಹಲ್ಲುಗಳೆಲ್ಲ ಉದುರಿದ ಮೇಲೆ.

"ಆ ಕಾನೂನಿನ ಹಲ್ಲನ್ನೂ ಎರಡು ವರ್ಷದ ಹಿಂದೆ ಕಿತ್ತರು," ಎಂದಳು ಆಕೆ. ಓಟಿನ ನಿಯಮ ಬದಲಿಸುವ ಮೊದಲು ಕೆಲವು ರಾಜ್ಯಗಳು ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಇನ್ನು ಬೇಡ ಎಂದು ಅವರ ಸುಪ್ರೀಂ ಕೋರ್ಟೇ ಹೇಳಿತ್ತು. "ಕಾಲ ಬದಲಾಗಿದೆಯಂತೆ. ನಮ್ಮ ರಾಜ್ಯ ಗುಲಾಮಗಿರಿ ರದ್ದಿಗೆ ಒಪ್ಪಿಗೆಯ ಕಾಗದ ಪೂರೈಸಿದ್ದೂ ಅದೇ ವರ್ಷ. ಎಷ್ಟು ಬದಲಾಗಿದೆ ನೋಡು!"

ಇದೆಲ್ಲ ಅಮೆರಿಕದ ಕಥೆ, ನಮಗೆ ಸಂಬಂಧವಿಲ್ಲ ಎಂದು ನಾನು ಊಟದ ಡಬ್ಬಿ ತೊಳೆದಿಟ್ಟೆ. ಸಂಬಂಧ ಆ ತಿಂಗಳೇ ನನ್ನ ಇಮೇಲಿಗೆ ಬಂತು.

ನನ್ನ ಗಂಡನಿಗೆ ಅಬುಧಾಬಿಯಲ್ಲಿ ಕೆಲಸ. ವಾರವೆಲ್ಲ ಅಲ್ಲಿ, ಗುರುವಾರ ಸಂಜೆ ಮನೆಗೆ. ಕರಾವಳಿಯವರ ಒಂದು ಸಂಘಕ್ಕೆ ನಾವು ಮದುವೆಯಾದಂದಿನಿಂದ ಸದಸ್ಯರು, ಯಾಕೆಂದರೆ ನನ್ನ ಗಂಡನ ಚಿಕ್ಕಪ್ಪ ಅದನ್ನು ಕಟ್ಟಿದವರಲ್ಲಿ ಒಬ್ಬರು. ನಮ್ಮಂಥ ಹೊರಗಿನವರಿಗೆ ಇಲ್ಲಿ ಯಾವ ಓಟೂ ಇಲ್ಲ, ಅದು ವೀಸಾ ಮಾಡಿಸುವಾಗಲೇ ಗೊತ್ತಿದ್ದ ವಿಷಯ. ಊರಿನ ಓಟು ಬೇಕಾದರೆ ಟಿಕೆಟ್ ತೆಗೆದು ಊರಿನ ಮತಗಟ್ಟೆಗೇ ಹೋಗಿ ನಿಲ್ಲಬೇಕು. ಹಾಗಾಗಿ ನಮ್ಮ ಜನರ ಪ್ರಜಾಪ್ರಭುತ್ವದ ಹಸಿವೆಲ್ಲ ಸಂಘದ ಚುನಾವಣೆಯಲ್ಲಿ ತೀರುತ್ತಿತ್ತು. ಜಂಟಿ ಕಾರ್ಯದರ್ಶಿಯ ಸ್ಥಾನಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಅಧ್ಯಕ್ಷರದು ಊರಿನಲ್ಲಿ ಗುತ್ತಿನ ಮನೆ, ಎಂದರೆ ಹಳೆಯ ಜಮೀನ್ದಾರರ ಮನೆತನ, ಇಲ್ಲಿ ಸಾಗಾಟದ ವ್ಯವಹಾರ. ವೇದಿಕೆ ಹತ್ತಿದರೆ ಇಳಿಯಲು ಅವರಿಗೆ ಮನಸ್ಸೇ ಬಾರದು.

ಸಂಘಕ್ಕೆ ಜೆಬೆಲ್ ಅಲಿಯ ಕಾರ್ಮಿಕರ ಕ್ಯಾಂಪುಗಳ ಹುಡುಗರು ಸೇರಿದ್ದು ವಾಲಿಬಾಲ್‌ನಿಂದ. ಗೋದಾಮುಗಳಲ್ಲಿ ಕೆಲಸ ಮಾಡುವವರು. ಅವರ ನಾಯಕ ನನ್ನ ಗಂಡನ ಊರಿನವನೇ, ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ನಲವತ್ತರ ಹತ್ತಿರದ ಆಳು, ಎದುರಿಗಿರುವವರಿಗೆ ಮಾತಿಗೆ ಜಾಗ ಕೊಡದಷ್ಟು ಮಾತುಗಾರ, ಮೀಸೆಯ ಬಗ್ಗೆ ವಿಪರೀತ ಅಭಿಮಾನ. ನನ್ನನ್ನು ಅಕ್ಕ ಎನ್ನುತ್ತಿದ್ದ. ತಂಡವನ್ನು ಪಂದ್ಯದಲ್ಲಿ ಆಡಿಸುವ ಆಸೆಗೆ ಅವರನ್ನೆಲ್ಲ ಸದಸ್ಯರನ್ನಾಗಿ ಮಾಡಿಕೊಂಡ ಸಂಘ, ಆಮೇಲೆ ವಾರ್ಷಿಕೋತ್ಸವಕ್ಕೆ ಕುರ್ಚಿ ಹಾಕಲು, ವೇದಿಕೆ ಕಟ್ಟಲು, ಅಡುಗೆಯ ಪಾತ್ರೆ ಹೊರಲು ಅವರನ್ನೇ ಕರೆಯಿತು. ಮೈಕಿನಲ್ಲಿ ಅವರನ್ನು "ನಮ್ಮ ಶ್ರಮಜೀವಿ ಬಂಧುಗಳು" ಎಂದು ಹೊಗಳಲಾಯಿತು. ಬಂಧುಗಳು ಆಗ ಹಿಂದೆ ಪಾತ್ರೆ ತೊಳೆಯುತ್ತಿದ್ದರು.

ಆ ವರ್ಷದ ಮಹಾಸಭೆಯಲ್ಲಿ ಈ ಫೋರ್ಕ್‌ಲಿಫ್ಟಿನವನು ಎದ್ದು ನಿಂತ. "ಮುಂದಿನ ಸಲ ಕಮಿಟಿಗೆ ನಾನು ನಿಲ್ತೇನೆ," ಎಂದ. "ಪ್ರೋಗ್ರಾಮಿಗೆ ಕ್ಯಾಂಪಿಂದ ಒಂದು ಬಸ್ಸು ಮಾಡ್ಬೇಕು. ಮತ್ತೆ ಊಟ ಬಡಿಸಿದವರಿಗೆ ಕಡೆಗೆ ಕೂತು ಊಟ ಮಾಡ್ಲಿಕ್ಕೆ ಜಾಗ ಬೇಕು. ಅಷ್ಟೇ."

ಅಧ್ಯಕ್ಷರು ನಕ್ಕು ಚಪ್ಪಾಳೆ ತಟ್ಟಿದರು. "ನಿಲ್ಲು ಮಾರಾಯ, ನಿಲ್ಲು. ಇಲ್ಲಿ ಎಲ್ಲರಿಗೂ ಒಂದೇ ಹಕ್ಕು." ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಹಿಂದಿನ ಸಾಲುಗಳಲ್ಲಿ ನಿಂತಿದ್ದ ಕ್ಯಾಂಪಿನವರ ಚಪ್ಪಾಳೆಯೇ ಜೋರಾಗಿ ಕೇಳಿಸಿತು. ಅವರು ಎಷ್ಟು ಮಂದಿ ಆಗಿಬಿಟ್ಟಿದ್ದಾರೆ ಎಂಬುದು ಅಧ್ಯಕ್ಷರಿಗೆ ಹೊಳೆದದ್ದು ಬಹುಶಃ ಆಗಲೇ.

ಎರಡು ತಿಂಗಳಿಗೆ ಸಂಘದ ನಿಯಮಾವಳಿಯ ತಿದ್ದುಪಡಿ ನನ್ನ ಇಮೇಲಿಗೆ ಬಂತು. ಕನ್ನಡ ಸ್ವಲ್ಪ ನೋಡಿಕೊಡಿ ಎಂದು ಕಾರ್ಯದರ್ಶಿ ವಿನಂತಿಸಿದ್ದರು. ಆಫೀಸಿನಲ್ಲೇ ತೆರೆದು ಓದಿದೆ. ಎಲ್ಲ ಸದಸ್ಯರಿಗೂ ಮತದಾನದ ಹಕ್ಕಿದೆ ಎಂದು ದಪ್ಪ ಅಕ್ಷರದಲ್ಲಿ ಶುರುವಾಗಿತ್ತು. ಆದರೆ ಮತ ಹಾಕುವವರೂ ಕಮಿಟಿಗೆ ನಿಲ್ಲುವವರೂ ತಮ್ಮ ಅಥವಾ ಮನೆಯವರ ಹೆಸರಿನ ಬಾಡಿಗೆ ಕರಾರು ತೋರಿಸಬೇಕು. ಕ್ಯಾಂಪಿನ ಬಂಕು ಮಂಚಕ್ಕೆ ಯಾರ ಹೆಸರಿನ ಕರಾರು? ಅದಾದ ಮೇಲೆ ಸಂಘದ ನಿಯಮಾವಳಿಯ ಒಂದು ಭಾಗವನ್ನು ಓದಿ, ಚುನಾವಣಾಧಿಕಾರಿಗೆ ತೃಪ್ತಿಯಾಗುವಂತೆ ಅರ್ಥ ಹೇಳಬೇಕು. ಸ್ಥಾಪಕ ಸದಸ್ಯರಿಗೂ ಅವರ ಕುಟುಂಬದವರಿಗೂ ಇದು ಯಾವುದೂ ಅನ್ವಯಿಸದು. ಚುನಾವಣೆ ಅಬುಧಾಬಿಯ ಹೋಟೆಲೊಂದರಲ್ಲಿ, ಶನಿವಾರ ಮಧ್ಯಾಹ್ನ. ಆಫೀಸಿನವರಿಗೆ ಶನಿವಾರ ರಜೆ. ಗೋದಾಮಿನವರಿಗೆ ವಾರಕ್ಕೆ ಒಂದೇ ರಜೆ, ಅದು ಶುಕ್ರವಾರ.

"ಏನು ಓದುತ್ತಿದ್ದೀ? ಮುಖ ಹುಳಿ ತಿಂದ ಹಾಗಾಗಿದೆ," ಎಂದಳು ಪಕ್ಕದ ಮೇಜಿನಿಂದ ನಮ್ಮ ಮುಖ್ಯಸ್ಥೆ. ಕಮಿಟಿಗೆ ನಿಲ್ಲಲು ಹೊರಟವನ ವಿಷಯ ತಿಳಿಸಿ, ನಾನು ಅದನ್ನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಮೊದಲು ಮೂಗಿನ ಸದ್ದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗು. ಪುಟ ಕಟ್ಟುವವಳೂ ತಿರುಗಿ ನೋಡಿದಳು.

"ಇದನ್ನು ಬರೆದವರು ಮಿಸಿಸಿಪ್ಪಿಗೆ ಹೋಗಿದ್ದರಾ?"

"ಇಲ್ಲ, ಉಡುಪಿಯಿಂದ ನೇರ ಇಲ್ಲಿಗೆ."

"ಹಾಗಾದರೆ ಸ್ವಂತ ಬುದ್ಧಿ! ಎಲ್ಲಿಂದಲೂ ಕದ್ದದ್ದಲ್ಲ. ನಿಮ್ಮವರು ಬಹಳ ಪ್ರತಿಭಾವಂತರು."

ನನಗೆ ಸಿಟ್ಟೂ ಉತ್ಸಾಹವೂ ಒಟ್ಟಿಗೆ ಬಂದವು. "ನೋಡಿ, ನಮ್ಮ ಕ್ಯಾಂಪಿನವರ ಕಥೆಯೂ ನಿಮ್ಮ ಅಜ್ಜನ ಕಥೆಯೂ ಒಂದೇ," ಎಂದುಬಿಟ್ಟೆ.

ಆಕೆಯ ನಗು ನಿಂತಿತು. "ಒಂದೇ ಅಲ್ಲ. ನಿಮ್ಮ ಹುಡುಗ ಕಮಿಟಿಗೆ ನಿಂತ ಅಂತ ಯಾರೂ ಅವನ ಮನೆಗೆ ಬೆಂಕಿ ಇಡುವುದಿಲ್ಲ. ಯಾರನ್ನೂ ಮರಕ್ಕೆ ನೇತುಹಾಕುವುದಿಲ್ಲ. ನನ್ನ ಅಜ್ಜನನ್ನು ಎರವಲು ಕೇಳಬೇಡ. ನಿಮ್ಮದೇ ಅಜ್ಜಂದಿರು ಇರಬೇಕಲ್ಲ, ಅವರ ಕಥೆ ಏನು ಅಂತ ಕೇಳು."

ಮುಖಕ್ಕೆ ಹೊಡೆದ ಹಾಗಾಯಿತು. ಆಕೆ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಆ ಶುಕ್ರವಾರ ಫೋರ್ಕ್‌ಲಿಫ್ಟಿನವನು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಮೀನು ಸಾರು ಸುರಿದುಕೊಂಡು ಉಣ್ಣುತ್ತಿರುವಾಗ ಕೇಳಿದೆ, "ನಿನ್ನ ಅಜ್ಜ ಓಟು ಹಾಕ್ತಿದ್ರಾ ಮಾರಾಯ?"

"ಅಯ್ಯೋ ಅಕ್ಕ, ಅದು ದೊಡ್ಡ ಕಥೆ," ಎಂದು ತಟ್ಟೆಯಿಂದ ಕೈ ತೆಗೆದ.

ಅವನ ಅಜ್ಜ ಒಂದು ದೊಡ್ಡ ಮನೆಯ ಮೂಲದಾಳು. ಭೂಮಿಯ ಜೊತೆಗೆ ಆಳೂ ಆ ಮನೆಯ ಧನಿಗೆ, ಎಂದರೆ ಯಜಮಾನನಿಗೆ, ಸೇರಿದವನು. ಅವನ ಮಕ್ಕಳೂ ಅಲ್ಲಿಯೇ ದುಡಿಯಬೇಕು, ಬಿಟ್ಟುಹೋಗುವ ಮಾತಿಲ್ಲ. ಗುಲಾಮ ಎಂಬ ಶಬ್ದವನ್ನು ನಮ್ಮ ಕಡೆ ಯಾರೂ ಬಳಸಲಿಲ್ಲ, ಬಹಳ ಮರ್ಯಾದಸ್ಥರು ನೋಡಿ. ದೇಶ ಸ್ವತಂತ್ರವಾಗಿ ಮೊದಲ ಚುನಾವಣೆ ಬಂದಾಗ ಸಂವಿಧಾನ ಧನಿಗೆ ಒಂದು ಓಟು ಕೊಟ್ಟಿತು, ಆ ಅಜ್ಜನಿಗೂ ಒಂದೇ ಓಟು ಕೊಟ್ಟಿತು. ಕಾಗದದಲ್ಲಿ ನಾವು ಅಮೆರಿಕಕ್ಕಿಂತ ಎಷ್ಟೋ ಮುಂದೆ. ಪರೀಕ್ಷೆಯಿಲ್ಲ, ತೆರಿಗೆಯಿಲ್ಲ. ಧನಿ ಇದ್ದರು, ಸಾಕಾಗಿತ್ತು.

"ಓಟಿನ ದಿವಸ ಧನಿಗಳು ಗಾಡಿ ಕಳಿಸ್ತಿದ್ರಂತೆ," ಎಂದ. "ಎಲ್ಲರನ್ನೂ ಹತ್ತಿಸಿ ಕರ್ಕೊಂಡು ಹೋಗೂದು. ಆವಾಗ ಓಟಿಗೆ ನಿಂತ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಅಲ್ವಾ, ಮೇಲೆ ಚಿತ್ರ ಅಂಟಿಸಿ. ಇಂಥ ಚಿತ್ರದ ಪೆಟ್ಟಿಗೆಗೆ ಹಾಕ್ಬೇಕು, ಬೇರೆಯದಕ್ಕೆ ಹಾಕಿದ್ರೆ ಪೆಟ್ಟಿಗೆ ಶಬ್ದ ಮಾಡ್ತದೆ, ನಮಗೆ ಗೊತ್ತಾಗ್ತದೆ ಅಂತ ಹೆದರಿಸಿದ್ರಂತೆ."

"ಅಜ್ಜ ನಂಬಿದ್ರಾ?" ಎಂದರು ನನ್ನ ಗಂಡ.

"ನಂಬದೆ ಎಂತ ಮಾಡೂದು ಅಣ್ಣ? ಮೊದಲ ಸಲ ಹೇಳಿದ್ದಕ್ಕೇ ಹಾಕಿದ್ರು. ಎರಡನೇ ಸಲ ಪರದೆಯ ಒಳಗೆ ಹೋದವರಿಗೆ ಎಂತ ಆಯ್ತೋ, ಬೇರೆ ಪೆಟ್ಟಿಗೆಗೆ ಹಾಕಿ ಬಿಟ್ರಂತೆ. ಹಾಕಿ ಅಲ್ಲೇ ಕಿವಿಕೊಟ್ಟು ನಿಂತ್ರಂತೆ, ಶಬ್ದ ಬರ್ತದಾ ಅಂತ. ಬರ್ಲಿಲ್ಲ. ಹೊರಗೆ ಬಂದು ಧನಿಗಳ ಊಟ ಹೊಟ್ಟೆ ತುಂಬ ಉಂಡ್ರು. ಆ ಸಲ ಧನಿಗಳ ಕಡೆಯವರು ಸೋತ್ರು ಅಕ್ಕ. ನಾನೊಬ್ಬನೇ ಸೋಲಿಸಿದ್ದು ಅಂತ ಅಜ್ಜ ಸಾಯುವ ತನಕ ನಂಬಿದ್ರು. ನಮಗೆಲ್ಲ ಗುಟ್ಟಲ್ಲಿ ಹೇಳ್ತಿದ್ರು, ಯಾರಿಗೂ ಹೇಳ್ಬೇಡಿ ಅಂತ."

ಅವನು ಬಿದ್ದು ಬಿದ್ದು ನಕ್ಕ. ನಾವೂ ನಕ್ಕೆವು. ಆ ಧನಿ ನಮ್ಮ ಅಧ್ಯಕ್ಷರ ಅಜ್ಜನೇ ಆಗಿದ್ದರೆ ಕಥೆ ಇನ್ನೂ ರಂಗೇರುತ್ತಿತ್ತು. ಅಲ್ಲ. ಅಧ್ಯಕ್ಷರದು ಬೇರೆ ಊರು, ಬೇರೆ ಮನೆ. ಅಂಥ ಮನೆಗಳಿಗೆ ನಮ್ಮ ಕಡೆ ಬರವಿರಲಿಲ್ಲ.

ತಿದ್ದುಪಡಿಯ ಕನ್ನಡ ತಿದ್ದಿಕೊಡುವುದಿಲ್ಲ ಎಂದು ಕಾರ್ಯದರ್ಶಿಗೆ ಬರೆದೆ. ಮರುದಿನ ನಾನೂ ಗಂಡನೂ ಅಧ್ಯಕ್ಷರ ವಿಲ್ಲಾಕ್ಕೆ ಹೋದೆವು. ಅವರ ಹೆಂಡತಿ ಬಿಸಿ ಗೋಳಿಬಜೆ ತಂದಿಟ್ಟರು. ಅಧ್ಯಕ್ಷರು ಒಂದು ಬಾಯಿಗೆ ಹಾಕಿಕೊಂಡೇ ಮಾತಿಗೆ ತೊಡಗಿದರು.

"ನೀವು ಎಂತದೋ ತಪ್ಪು ತಿಳ್ಕೊಂಡಿದ್ದೀರಿ. ಅದರಲ್ಲಿ ಜಾತಿ ಅಂತ ಒಂದು ಶಬ್ದ ಉಂಟಾ? ಲೇಬರ್ ಅಂತ ಉಂಟಾ? ತೋರಿಸಿ ನೋಡುವ."

"ಇಲ್ಲ," ಎಂದೆ. "ಆದ್ರೆ ಹೊರಗೆ ಉಳಿಯುವವರು ಯಾರು ಅಂತ ನಿಮಗೆ ಗೊತ್ತುಂಟಲ್ಲ."

"ಯಾರೂ ಉಳಿಯೂದಿಲ್ಲ ಮಾರಾಯ್ತಿ. ಕರಾರು ಮಾಡಿಸ್ಲಿ, ನಿಯಮ ಓದ್ಲಿ, ಬರ್ಲಿ. ನಾವು ಬೇಡ ಅಂದೆವಾ? ಒಂದು ಮಟ್ಟ ಅಂತ ಬೇಡ್ವಾ ಸಂಘಕ್ಕೆ? ನಾಳೆ ಕಾನ್ಸುಲೇಟಿನವರು ಬಂದಾಗ ವೇದಿಕೆಯಲ್ಲಿ ಯಾರು ಕೂರೂದು?"

"ಹಾಗಾದ್ರೆ ಸ್ಥಾಪಕರ ಮನೆಯವರಿಗೆ ಪರೀಕ್ಷೆ ಯಾಕಿಲ್ಲ?"

ಅವರಿಗೆ ನಿಜವಾಗಿಯೂ ಬೇಸರವಾಯಿತು. "ಹಿರಿಯರು ಕಟ್ಟಿದ ಸಂಘ. ಅವರ ಮಕ್ಕಳನ್ನು ನಿಲ್ಲಿಸಿ ಪರೀಕ್ಷೆ ಮಾಡೂದಾ? ಅದು ಅವಮಾನ ಅಲ್ವಾ?"

ಅವಮಾನ ಎಂಬುದು ಒಂದಿದೆ ಎಂದು ಅವರಿಗೆ ಗೊತ್ತಿತ್ತು. ಅದು ಯಾರಿಗೆಲ್ಲ ಆಗಬಹುದು ಎಂಬ ಪಟ್ಟಿ ಮಾತ್ರ ಅವರಲ್ಲಿ ಚಿಕ್ಕದು. ನನ್ನ ಗಂಡ ಮೊಣಕೈಯಿಂದ ತಿವಿದರು. ನಾವು ಎದ್ದು ಬಂದೆವು. ಗೋಳಿಬಜೆ ಚೆನ್ನಾಗಿತ್ತು ಎಂದು ಗಂಡ ದಾರಿಯಲ್ಲಿ ಹೇಳಿದ್ದಕ್ಕೆ ಮನೆ ಮುಟ್ಟುವ ತನಕ ನಾನು ಅವರ ಜೊತೆ ಮಾತಾಡಲಿಲ್ಲ.

ತಿದ್ದುಪಡಿ ಪಾಸಾಯಿತು. ಪಾಸು ಮಾಡುವ ಸಭೆಯೂ ಶನಿವಾರವೇ ಇತ್ತು.

ಚುನಾವಣೆಯ ದಿನ ಫೋರ್ಕ್‌ಲಿಫ್ಟಿನವನು ಪಾಳಿ ಬದಲಿಸಿಕೊಂಡು, ಕ್ಯಾಂಪಿನ ಕೆಲವರನ್ನು ಒಂದು ವ್ಯಾನಿಗೆ ತುಂಬಿಕೊಂಡು ಅಬುಧಾಬಿಗೆ ಬಂದಿದ್ದ. ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಇವನು ಮೀಸೆಗೆ ಎಣ್ಣೆ ಹಚ್ಚಿದ್ದ. ಹೋಟೆಲಿನ ಸಭಾಂಗಣದ ಬಾಗಿಲಲ್ಲಿ ಮೇಜು, ಮೇಜಿನ ಹಿಂದೆ ಚುನಾವಣಾಧಿಕಾರಿ. ವೃತ್ತಿಯಲ್ಲಿ ಲೆಕ್ಕಪರಿಶೋಧಕರು. ಕನ್ನಡದಲ್ಲಿ ಪದ್ಯ ಬರೆಯುತ್ತೇನೆಂದು ಎಲ್ಲರಿಗೂ ಹೇಳಿಕೊಳ್ಳುವವರು.

ವ್ಯಾನಿನಲ್ಲಿ ಬಂದವರಲ್ಲಿ ಇವನೊಬ್ಬನನ್ನು ಬಿಟ್ಟು ಉಳಿದವರು ಮೊದಲ ಮೆಟ್ಟಿಲಲ್ಲೇ ನಿಂತರು.

"ಮನೆ ಎಲ್ಲಿ?"

"ಕ್ಯಾಂಪಲ್ಲಿ ಸರ್."

"ಕರಾರು?"

"ಅದು ಕಂಪೆನಿ ಹೆಸರಲ್ಲಿ."

"ಹಾಗಾದ್ರೆ ಆಗೂದಿಲ್ಲಪ್ಪ. ಊಟ ಉಂಟು, ಊಟ ಮಾಡ್ಕೊಂಡು ಹೋಗಿ."

ನಮ್ಮವನು ಇದಕ್ಕೆ ತಯಾರಾಗಿಯೇ ಬಂದಿದ್ದ. ದುಬೈಯ ಸತ್ವಾ ಬಡಾವಣೆಯ ಹಳೆಯ ವಿಲ್ಲಾವೊಂದರಲ್ಲಿ ಅವನ ದಾಯಾದಿಯೊಬ್ಬ ದರ್ಜಿ ಕೆಲಸ ಮಾಡಿಕೊಂಡಿದ್ದ. ಆ ಮನೆಯ ಕರಾರಿಗೆ ಇವನ ಹೆಸರೂ ಸೇರಿಸಿ, ಸಾಮಾನನ್ನೂ ಅಲ್ಲಿಗೆ ಸಾಗಿಸಿ, ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಬಸ್ಸು ಬದಲಿಸಿಕೊಂಡು ಜೆಬೆಲ್ ಅಲಿಗೆ ಕೆಲಸಕ್ಕೆ ಹೋಗುತ್ತಿದ್ದ. ಅಧಿಕಾರಿ ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ತಪ್ಪು ಸಿಗಲಿಲ್ಲ. ನಿಯಮಾವಳಿಯ ಪುಸ್ತಕ ತೆರೆದು ಒಂದು ಕಡೆ ಬೆರಳಿಟ್ಟರು.

ಅವನು ಶಾಲೆಗೆ ಹೋದದ್ದು ನಾಲ್ಕನೇ ತರಗತಿಯ ತನಕ. ತಡೆತಡೆದು ಓದಿದ. ಸಂಘದ ಆಸ್ತಿ, ವಿಸರ್ಜನೆ, ವಿಲೇವಾರಿ ಎಂದೆಲ್ಲ ಇದ್ದ ಒಂದು ಉದ್ದದ ವಾಕ್ಯ. ನಾಲಿಗೆ ಎರಡು ಕಡೆ ಎಡವಿತು. ಅರ್ಥವನ್ನು ತುಳುವಿನಲ್ಲಿ ಹೇಳತೊಡಗಿದ.

"ಕನ್ನಡದಲ್ಲಿ," ಎಂದರು ಅಧಿಕಾರಿ. ಅವರ ಮನೆಮಾತೂ ತುಳುವೇ.

"ಸಂಘ ಮುಚ್ಚಿದ್ರೆ ಅದರ ಸಾಮಾನು ಎಂತ ಮಾಡೂದು, ಅದನ್ನು ಸಭೆ ಕರೆದು ಕೇಳ್ಬೇಕು ಅಂತ," ಎಂದ.

"ಅಷ್ಟು ಸಾಲದು. ವಿಲೇವಾರಿ ಅಂದ್ರೆ ಎಂತ?"

ಅವನಿಗೆ ಗೊತ್ತಿರಲಿಲ್ಲ. ಅಧಿಕಾರಿ ಪುಸ್ತಕ ಮುಚ್ಚಿದರು. ಮಿಸಿಸಿಪ್ಪಿಯ ಆ ಗುಮಾಸ್ತನನ್ನು ನಾನು ಕಂಡವಳಲ್ಲ, ಆದರೆ ಪುಸ್ತಕ ಹೇಗೆ ಮುಚ್ಚಿರಬಹುದು ಎಂದು ಆಗ ಗೊತ್ತಾಯಿತು. ಒರಟಾಗಿ ಅಲ್ಲ. ಬಹಳ ಮೆತ್ತಗೆ.

ಅವನ ಹಿಂದೆ ಸಾಲಿನಲ್ಲಿ ಇದ್ದವಳು ನಾನೇ. ಅಧಿಕಾರಿ ನಗುತ್ತಾ, "ನೀವು ಒಳಗೆ ಹೋಗಿ ಮೇಡಂ," ಎಂದರು.

"ನನ್ನನ್ನೂ ಕೇಳಿ," ಎಂದೆ.

"ನಿಮಗೆ ಎಂತಕ್ಕೆ? ನಿಮ್ಮ ಚಿಕ್ಕಮಾವನವರೇ ಸ್ಥಾಪಕರು."

"ಅವರು ಓದಿದ್ದು ನನ್ನ ತಲೆಗೆ ಬರ್ತದಾ? ಕೇಳಿ."

ಅವರು ಕೇಳಲಿಲ್ಲ. ಅಷ್ಟರಲ್ಲಿ ನನ್ನ ಹಿಂದೆ ಅಧ್ಯಕ್ಷರ ಮಗ, ಅವನೂ ಸ್ಥಾಪಕರ ಮನೆಯವನೇ, ಬಂದು ನಿಂತಿದ್ದ. ಇಲ್ಲೇ ಹುಟ್ಟಿ ಬೆಳೆದವನು, ಕಾಲೇಜು ಮುಗಿಸಿದ್ದ, ಒಳ್ಳೆಯ ಹುಡುಗನೇ. ನಾನು ಮೇಜಿನ ಮೇಲಿನ ಪುಸ್ತಕ ಎತ್ತಿ ಅವನಿಗೆ ಕೊಟ್ಟು, "ಇದು ಎಂತ ಅಂತ ಓದು ಮಗಾ," ಎಂದೆ.

ಅವನು ಪುಸ್ತಕವನ್ನು ಆಚೀಚೆ ತಿರುಗಿಸಿ ನೋಡಿ, ನಾಚಿಕೆಯಿಂದ ಇಂಗ್ಲಿಷಿನಲ್ಲಿ, "ಸಾರಿ ಆಂಟಿ, ನನಗೆ ಕನ್ನಡ ಓದಲು ಬರುವುದಿಲ್ಲ. ಸೈನ್ ಮಾಡಿದರೆ ಸಾಕು ಅಂತ ಡ್ಯಾಡಿ ಹೇಳಿದರು," ಎಂದ.

ಫೋರ್ಕ್‌ಲಿಫ್ಟಿನವನು ಜೋರಾಗಿ ನಕ್ಕುಬಿಟ್ಟ. ಸದ್ದು ಕೇಳಿ ಒಳಗಿಂದ ಅಧ್ಯಕ್ಷರು ಬಂದರು. "ಎಂತ ಗಲಾಟೆ? ಸಣ್ಣ ವಿಷಯ ದೊಡ್ಡದು ಮಾಡ್ಬೇಡಿ ಮಾರಾಯ್ರೆ."

"ಗಲಾಟೆ ಎಂತದೂ ಇಲ್ಲ ಧನಿಗಳೇ," ಎಂದ ಇವನು. ಆ ಶಬ್ದವನ್ನು ಬೇಕೆಂದೇ ಹೇಳಿದ. "ನನಗೆ ಓಟು ಉಂಟು, ಹಾಕ್ಲಿಕ್ಕಿಲ್ಲ. ಅಲ್ವಾ? ಅರ್ಥ ಸರಿ ಹೇಳಿದೆನಾ ನೋಡಿ."

ಅಧ್ಯಕ್ಷರು ಅವನ ಭುಜ ತಟ್ಟಿ, "ಮುಂದಿನ ಸಲ ನೋಡುವ, ಈಗ ಊಟ ಮಾಡು," ಎಂದರು. ಅವನು ಭುಜ ಸರಿಸಿದ. ಕ್ಯಾಂಪಿನವರು ಯಾರೂ ಊಟಕ್ಕೆ ಹೋಗಲಿಲ್ಲ. ಬಿರಿಯಾನಿಯ ವಾಸನೆ ಹೊರಗಿನ ತನಕ ಬರುತ್ತಿತ್ತು, ಅವರಿಗೆ ಹಸಿವಾಗಿತ್ತೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ವ್ಯಾನು ಹೊರಟಿತು. ನಾನೂ ಗಂಡನೂ ಓಟು ಹಾಕದೆ ಕಾರಿನಲ್ಲಿ ಅವರ ಹಿಂದೆಯೇ ಹೊರಟೆವು. ದಾರಿಯ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಎಲ್ಲರೂ ನಿಂತು ಪರೋಟ ತಿಂದೆವು. ವಿಲೇವಾರಿ ಎಂದರೆ ಏನು ಎಂದು ಅವನು ಅಲ್ಲಿ ಕೇಳಿದ. ಹೇಳಿದೆ. "ಓ, ನಮ್ಮನ್ನು ಮಾಡಿದ್ರಲ್ಲ, ಅದು," ಎಂದ. ಯಾರಿಗೂ ನಗು ಬರಲಿಲ್ಲ.

ಹಳೆಯ ಕಮಿಟಿಯೇ ಪುನಃ ಬಂತು. ವಾಲಿಬಾಲ್ ತಂಡ ಮುಂದೆ ಸಂಘದ ಯಾವ ಕೆಲಸಕ್ಕೂ ಹೋಗಲಿಲ್ಲ. ವಾರ್ಷಿಕೋತ್ಸವ ಹಾಳಾಗಿ ಹೋಗಲಿ ಎಂದು ನಾನು ಮನಸ್ಸಿನಲ್ಲೇ ಆಸೆಪಟ್ಟೆ. ಹಾಳಾಗಲಿಲ್ಲ. ಕಾರ್ಯಕ್ರಮ ನಡೆಸಿಕೊಡುವ ಕಂಪೆನಿಯೊಂದನ್ನು ಕರೆಸಿದರು, ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದೆಸಿ ಹಿಂದೆ ಗಂಟು ಹಾಕಿದ್ದರು. ಎಲ್ಲರೂ ಹೊಗಳಿದರಂತೆ. ಕ್ಯಾಂಪಿನವರು ಬರಲಿಲ್ಲವೆಂದು ಯಾರಿಗಾದರೂ ಗೊತ್ತಾಯಿತೋ ಇಲ್ಲವೋ.

ಮುಂದಿನ ಚುನಾವಣೆಯ ಹೊತ್ತಿಗೆ, ಪುಸ್ತಕ ಮುಚ್ಚಿದ ಆ ಲೆಕ್ಕಪರಿಶೋಧಕರ ಕೆಲಸ ಹೋಗಿತ್ತು. ಸಂಸಾರವನ್ನು ಊರಿಗೆ ಕಳಿಸಿ, ಹೊಸ ಕೆಲಸ ಸಿಗುವ ತನಕ ಯಾರದೋ ಮನೆಯ ಕೋಣೆಯೊಂದರಲ್ಲಿ ಇನ್ನಿಬ್ಬರ ಜೊತೆಗೆ ಇದ್ದರು. ಅವರು ಸ್ಥಾಪಕರ ಕಡೆಯವರಲ್ಲ. ಹೆಸರಿನಲ್ಲಿ ಕರಾರೂ ಇಲ್ಲ. ಪಾಪ, ತಮಗೆ ಓಟಿಲ್ಲ ಎಂದು ಅವರೇ ಒಪ್ಪಿ ಸುಮ್ಮನಿದ್ದರಂತೆ. ಕಮಿಟಿ ಐದು ನಿಮಿಷ ಕೂತು, ಸಂಕಷ್ಟದಲ್ಲಿರುವ ಹಿರಿಯ ಸದಸ್ಯರಿಗೆ ಕರಾರಿನ ನಿಯಮ ಅನ್ವಯಿಸದು ಎಂದು ಬರೆದುಕೊಂಡಿತು. ಅವರು ಓಟು ಹಾಕಿದರು. ಇದನ್ನು ನನಗೆ ಹೇಳಿದವರು ಕಾರ್ಯದರ್ಶಿ. ನಮ್ಮ ಸಂಘಕ್ಕೆ ಎಷ್ಟು ಮಾನವೀಯತೆ ಇದೆ ಎಂದು ತೋರಿಸಲು ಹೇಳಿದ್ದು!

ಪುಸ್ತಕದ ಅಧ್ಯಾಯಕ್ಕಾಗಿ ನಮ್ಮ ಮುಖ್ಯಸ್ಥೆ ಆ ಸಲಹೆಗಾರನೊಂದಿಗೆ ವಾರಗಟ್ಟಲೆ ಜಗಳವಾಡಿದಳು. ಕೊನೆಗೆ ಅರ್ಧ ಪುಟ ಉಳಿಯಿತು. ಅಜ್ಜನ ನಿಯಮ ಹೋಯಿತು, ತೆರಿಗೆ ಹೋಯಿತು, ಓದಿಸುವ ಪರೀಕ್ಷೆ ಮಾತ್ರ ನಿಂತಿತು. ಅದರ ಪಕ್ಕಕ್ಕೆ ಶಾಲೆಯವರು ನಗುಮುಖದ ಮಕ್ಕಳು ಓಟಿನ ಪೆಟ್ಟಿಗೆಯ ಸುತ್ತ ನಿಂತ ಚಿತ್ರ ಹಾಕಿಸಿದರು. 2015ರ ಕೊನೆಗೆ ಆಕೆ ಕೆಲಸ ಬಿಟ್ಟು ಮಿಸಿಸಿಪ್ಪಿಗೆ ಮರಳಿದಳು. ಹೋಗುವ ಮುನ್ನ ಫೋರ್ಕ್‌ಲಿಫ್ಟಿನವನ ಅಜ್ಜನ ಕಥೆಯನ್ನು ನಾನು ಆಕೆಗೆ ಹೇಳಿದೆ. ಪೆಟ್ಟಿಗೆಗೆ ಕಿವಿಕೊಟ್ಟು ನಿಂತ ಅಜ್ಜನ ವಿಷಯ ಬಂದಾಗ ಆಕೆಯ ಮೂಗಿನ ಸದ್ದು ಬರಲಿಲ್ಲ. "ಈ ಅಜ್ಜ ನನಗೆ ಇಷ್ಟವಾದ," ಎಂದಳು. ಅಷ್ಟೇ ಹೇಳಿದ್ದು.

ಕ್ಯಾಂಪಿನವರು ವಾಲಿಬಾಲ್ ಬಿಡಲಿಲ್ಲ. ಸಂಘವೂ ಬೇಡ, ನಿಯಮಾವಳಿಯೂ ಬೇಡವೆಂದು ಜೆಬೆಲ್ ಅಲಿಯ ಒಂದು ಮರಳಿನ ಅಂಗಳದಲ್ಲಿ ಶುಕ್ರವಾರ ಶುಕ್ರವಾರ ಆಡುತ್ತಿದ್ದರು. ಬಿಹಾರದವರೂ ನೇಪಾಳದವರೂ ಸೇರಿ ತಂಡ ದೊಡ್ಡದಾಯಿತು. ವರ್ಷಕ್ಕೊಮ್ಮೆ ನಾಯಕನನ್ನು ಕೈ ಎತ್ತಿಸಿ ಆರಿಸುವುದೆಂದು ಫೋರ್ಕ್‌ಲಿಫ್ಟಿನವನೇ ಶುರುಮಾಡಿದ್ದ. ನನ್ನ ಹತ್ತಿರ ಅದನ್ನು ಬಹಳ ಹೆಮ್ಮೆಯಿಂದ ಕೊಚ್ಚಿಕೊಂಡಿದ್ದ.

ಒಂದು ಶುಕ್ರವಾರ ಮಧ್ಯಾಹ್ನ ಫೋನು ಬಂತು.

"ಅಕ್ಕ, ಇದೆಂತ ಅನ್ಯಾಯ ಹೇಳಿ! ನನ್ನನ್ನು ತೆಗೆದು ಆ ನೇಪಾಳದವನನ್ನು ಕ್ಯಾಪ್ಟನ್ ಮಾಡಿದ್ರು. ತಂಡ ಕಟ್ಟಿದ್ದು ಯಾರು? ನಾನಲ್ವಾ?"

"ಓಟು ಸರಿಯಾಗಿ ಆಯ್ತಾ? ಎಲ್ಲರಿಗೂ ಹಾಕ್ಲಿಕ್ಕೆ ಬಿಟ್ಟಿರಾ?" ಎಂದು ಕೇಳಿದೆ.

"ಬಿಟ್ಟೆವು ಅಕ್ಕ," ಎಂದ ದೊಡ್ಡ ಉಸಿರು ಬಿಟ್ಟು. "ಅದೇ ತಪ್ಪಾದದ್ದು."